ಇಂಪ್ಲಾಂಟ್ ಹಾಕಿಸಿದ ಮೇಲೂ ಅಗಿಯಲು ಆಗುತ್ತಿಲ್ಲ, ಯಾಕೆ?

ಪ್ರಶ್ನೆ: ನನಗೆ 66 ವರ್ಷ. ಮೇಲೆ, ಕೆಳಗೆ ಎರಡೂ ಪೂರ್ತಿ ಹಲ್ಲುಸೆಟ್. ಕೆಳಗಿನದು ಎದ್ದೆದ್ದು ಬರುತ್ತಿದ್ದುದರಿಂದ ಎಂಟು ತಿಂಗಳ ಹಿಂದೆ ಮುಂಭಾಗದಲ್ಲಿ ದವಡೆಯ ಮೂಳೆಗೆ ಎರಡು ಇಂಪ್ಲಾಂಟ್ ಹಾಕಿಸಿದೆ. ಹಳೆಯ ಸೆಟ್ಟನ್ನೇ ಅದಕ್ಕೆ ಕೂರಿಸಿಕೊಟ್ಟರು. ಈಗ ಜಾರುವುದಿಲ್ಲ, ಧೈರ್ಯವಾಗಿ ಮಾತಾಡುತ್ತೇನೆ. ಆದರೆ ಗಟ್ಟಿಯದು, ನಾರಿನದು ಏನೇ ತಿಂದರೂ ನುಣ್ಣಗಾಗುವುದಿಲ್ಲ, ಹಾಗೇ ನುಂಗಬೇಕು. ಹಿಂದಿನ ಹಲ್ಲಲ್ಲಿ ಒತ್ತಿದರೆ ಮುಂಭಾಗ ಎದ್ದಂತಾಗುತ್ತದೆ. ಸೆಟ್ಟಿನ ಹಲ್ಲುಗಳು ಪೂರ್ತಿ ಚಪ್ಪಟೆ. ಒಬ್ಬ ವೈದ್ಯರು ಹಲ್ಲಿನ ಜೋಡಣೆ ಬದಲಿಸೋಣ ಎನ್ನುತ್ತಾರೆ. ಇನ್ನೊಬ್ಬರು ಇನ್ನೆರಡು ಇಂಪ್ಲಾಂಟ್ ಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಹಲ್ಲಿನ ಜೋಡಣೆ ನೋಡಿಸಿ. ಇಂಪ್ಲಾಂಟ್ ಮಾತು ಆಮೇಲೆ.

ನಿಮ್ಮ ಇಂಪ್ಲಾಂಟ್‌ಗಳು ಸೆಟ್ಟನ್ನು ಹಿಡಿದಿಟ್ಟುಕೊಂಡಿವೆ. ಅವುಗಳ ಕೆಲಸ ಅದು, ಅದನ್ನು ಚೆನ್ನಾಗಿಯೇ ಮಾಡುತ್ತಿವೆ. ತಿಂದದ್ದನ್ನು ಕತ್ತರಿಸಿ ಅರೆಯುವುದು ಮಾತ್ರ ಮೇಲಿನ ಹಲ್ಲು ಮತ್ತು ಕೆಳಗಿನ ಹಲ್ಲು ಒಂದಕ್ಕೊಂದು ಕೂಡುವ ರೀತಿ. ಇದನ್ನು ಬೈಟ್ ಎನ್ನುತ್ತೇವೆ. ಇಂಪ್ಲಾಂಟ್ ಹಾಕಿದ ಮೇಲೂ ನಿಮ್ಮ ಬೈಟ್ ಹಳೆಯದೇ ಉಳಿದಿದೆ, ಅಲ್ವಾ?

ಚಪ್ಪಟೆ ಹಲ್ಲು ಕೊಟ್ಟದ್ದು ತಪ್ಪು ಎನ್ನಲಾರೆ. ಹಲ್ಲು ಹೋದ ಮೇಲೆ ದವಡೆಯ ಮೂಳೆ ಕರಗುತ್ತಾ ಹೋಗುತ್ತದೆ. ಮೇಲಿನ ದವಡೆಗಿಂತ ಕೆಳಗಿನದು ಸುಮಾರು ನಾಲ್ಕು ಪಟ್ಟು ಜಾಸ್ತಿ ಕರಗುತ್ತದೆ ಎಂದು 1972ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನವೊಂದು ತೋರಿಸಿತು. ಹಾಗೆ ಸವೆದ ಏಣಿನ (ಸೆಟ್ ಕೂರುವ ವಸಡಿನ ದಿಬ್ಬದ) ಮೇಲೆ ಕೂತ ಸೆಟ್ಟಿಗೆ ಮೊನೆಯಿರುವ ಹಲ್ಲು ಹಾಕಿದರೆ, ಅಗಿಯುವಾಗ ಮೊನೆಗಳು ಸೆಟ್ಟನ್ನು ಪಕ್ಕಕ್ಕೆ ತಳ್ಳುತ್ತವೆ. ಚಪ್ಪಟೆ ಹಲ್ಲು ಹಾಗೆ ತಳ್ಳುವುದಿಲ್ಲ. ಅದಕ್ಕೇ ಅಂಥ ಬಾಯಿಗೆ ಅದನ್ನು ಆರಿಸುತ್ತಾರೆ. ಆದರೆ ಬೀಸುವ ಕಲ್ಲು ನುಣುಪಾದರೆ ಕಾಳು ನುರಿಯುತ್ತದೆಯೇ? ಜಾರುತ್ತದೆ. ನಿಮ್ಮ ಬಾಯಲ್ಲೂ ಆಗುತ್ತಿರುವುದು ಬಹುಮಟ್ಟಿಗೆ ಅದೇ.

ಈಗ ಪರಿಸ್ಥಿತಿ ಬದಲಾಗಿದೆ. ಪಕ್ಕಕ್ಕೆ ಜಾರುವುದನ್ನು ತಡೆಯಲು ಇಂಪ್ಲಾಂಟ್ ಇದೆ. ಹಾಗಾಗಿ ಮೊನೆಯಿರುವ ಹಲ್ಲು ಹಾಕುವ ಧೈರ್ಯ ಮಾಡಬಹುದು. ನಿಮಗೆ ನಾನು ಲಿಂಗ್ವಲೈಸ್ಡ್ ಜೋಡಣೆ ಸೂಚಿಸುತ್ತೇನೆ. ಹೆಸರು ದೊಡ್ಡದು, ವಿಷಯ ಸರಳ. ಮೇಲಿನ ದವಡೆ ಹಲ್ಲಿಗೆ ಒಳಬದಿಯಲ್ಲಿ, ಅಂಗುಳಿನ ಕಡೆ, ಒಂದು ಮೊನೆ ಇರುತ್ತದೆ. ಅದೊಂದೇ ಕೆಳಗಿನ ಹಲ್ಲಿನ ನಡುವಿನ ತಗ್ಗಿಗೆ ಇಳಿಯುತ್ತದೆ, ಒರಳಿಗೆ ಒನಕೆ ಬಿದ್ದ ಹಾಗೆ. ಹೊರಬದಿಯ ಮೊನೆಗಳು ತಾಗುವುದೇ ಇಲ್ಲ. ಇದರಿಂದ ಎರಡು ಲಾಭ: ಪದಾರ್ಥದೊಳಕ್ಕೆ ಮೊನೆ ಚುಚ್ಚಿ ಇಳಿಯುತ್ತದೆ, ಒತ್ತಡವೂ ಏಣಿನ ನಡುಮಧ್ಯಕ್ಕೆ ನೇರವಾಗಿ ಬೀಳುತ್ತದೆ.

ಎಲ್ಲಾ ಮೊನೆಗಳೂ ತಾಗುವ, ಸಹಜ ಹಲ್ಲಿನ ಆಕಾರದ ಜೋಡಣೆಯೂ ಇದೆ. ದವಡೆ ಪಕ್ಕಕ್ಕೆ ಸರಿದಾಗ ಕೋರೆಹಲ್ಲು ಮಾತ್ರ ತಾಗಿ ದಾರಿ ತೋರಿಸುವ ಜೋಡಣೆಯೂ ಇದೆ. ಚೆನ್ನಾಗಿ ಮಾಡಿದರೆ ಅವೂ ಕೆಲಸ ಮಾಡುತ್ತವೆ. ಮೊನೆಯುಳ್ಳ ಈ ವಿಧಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ನೀವು ತಲೆಕೆಡಿಸಿಕೊಳ್ಳಬೇಡಿ. ನಿಮಗೆ ವ್ಯತ್ಯಾಸ ಗೊತ್ತಾಗುವುದು ಚಪ್ಪಟೆ ಬಿಟ್ಟು ಮೊನೆಗೆ ಬಂದಾಗ. ಒಂದು ವಿಷಯ ನೆನಪಿಡಿ, ಕೆಳಗಿನ ಸೆಟ್ ಒಂದನ್ನೇ ಬದಲಿಸಿದರೆ ಸಾಲದು. ಒನಕೆ ಮೇಲಿನದರಲ್ಲಿ ತಾನೇ ಇರಬೇಕು? ಎರಡೂ ಹೊಸದಾಗಬೇಕು. ಇಂಪ್ಲಾಂಟನ್ನು ಮುಟ್ಟಬೇಕಾಗಿಲ್ಲ.

ಹಿಂದೆ ಒತ್ತಿದರೆ ಮುಂದೆ ಏಳುತ್ತದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಅದು. ಎರಡು ಇಂಪ್ಲಾಂಟ್ ಮುಂದೆ, ಕೋರೆಹಲ್ಲಿನ ಜಾಗದಲ್ಲಿ ಇರುತ್ತವೆ. ಹಿಂಭಾಗದ ಭಾರ ಹೊರುವುದು ಈಗಲೂ ವಸಡೇ. ಅಂದರೆ ಸೆಟ್ ಆ ಎರಡು ಬಿಂದುಗಳ ಮೇಲೆ ಏತದ ಹಾಗೆ ಆಡುತ್ತದೆ. ಹಿಂದೆ ಸೆಟ್ಟಿನ ಅಡಿಗೂ ವಸಡಿಗೂ ನಡುವೆ ಸಂದು ಬಿದ್ದಿದ್ದರೆ ಈ ಆಟ ಜಾಸ್ತಿಯಾಗುತ್ತದೆ. ಅದಕ್ಕೆ ಒಳಪದರ ತುಂಬಿಸಬೇಕು, ರಿಲೈನಿಂಗ್ ಎನ್ನುತ್ತಾರೆ. ಕೊನೆಯ ದವಡೆ ಹಲ್ಲನ್ನು ದವಡೆ ಮೇಲಕ್ಕೇರುವ ಇಳಿಜಾರಿನ ಮೇಲೆ ಕೂರಿಸಿದ್ದರೂ ಹೀಗಾಗುತ್ತದೆ. ಅಲ್ಲಿ ಒತ್ತಿದಷ್ಟೂ ಸೆಟ್ ಮುಂದಕ್ಕೆ ಜಾರಲು ನೋಡುತ್ತದೆ. ಅಂಥ ಕಡೆ ಆ ಕೊನೆಯ ಹಲ್ಲನ್ನೇ ಬಿಟ್ಟುಬಿಡುವುದು ಒಳ್ಳೆಯದು. ಒಂದು ಹಲ್ಲು ಕಡಿಮೆಯಾಯಿತಲ್ಲ ಎಂದು ಬೇಸರ ಬೇಡ.

ಹೊಸ ಸೆಟ್ ಮಾಡುವಾಗ ಮುಂದಿನ ಹಲ್ಲುಗಳನ್ನೂ ಗಮನಿಸಿ. ಸುಮ್ನೆ ಬಾಯಿ ಮುಚ್ಚಿ ಕಚ್ಚಿದಾಗ ಹಿಂದಿನ ಹಲ್ಲುಗಳು ಎರಡೂ ಕಡೆ ಒಟ್ಟಿಗೆ ಕೂಡಬೇಕು, ಮುಂದಿನವು ತಾಗಬಾರದು. ಕೆಳಗೆ ಇಂಪ್ಲಾಂಟ್ ಬಂದ ಮೇಲೆ ಜನ ತಮಗೆ ಗೊತ್ತಿಲ್ಲದೆ ಮುಂದಿನ ಹಲ್ಲಿನಿಂದ ಅಗಿಯಲು ಶುರುಮಾಡುತ್ತಾರೆ, ಅಲ್ಲಿ ಗಟ್ಟಿ ಅನಿಸುತ್ತದೆ. ಆ ಪೆಟ್ಟು ಬೀಳುವುದು ಮೇಲಿನ ದವಡೆಯ ಮುಂಭಾಗಕ್ಕೆ. ಅಲ್ಲಿ ಮೂಳೆ ಕರಗಿ ವಸಡು ಮೆತ್ತಗೆ ಜೋಲುತ್ತದೆ. ಆಮೇಲೆ ಮೇಲಿನ ಸೆಟ್ಟೂ ನಿಲ್ಲುವುದಿಲ್ಲ. ನನಗೆ ತುಂಬಾ ಸಂಕಟವಾಗುವ ವಿಷಯ ಇದು. ಮೊದಲೇ ನೋಡಿಕೊಂಡಿದ್ದರೆ ತಪ್ಪಿಸಬಹುದಾದ ತೊಂದರೆ.

ಸೆಟ್ಟಿನ ಎತ್ತರವೂ ಸರಿಯಿರಬೇಕು. ಆರಾಮಾಗಿ ಕೂತಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಅಂತರವಿರುತ್ತದೆ. ಹಳೆಯ ಸೆಟ್ ಸವೆದು ತಗ್ಗಾಗಿದ್ದರೆ ಸ್ನಾಯುಗಳಿಗೆ ಬಲ ಸಿಗುವುದಿಲ್ಲ.

ಹಲ್ಲು ಎಲ್ಲಿ ಎತ್ತರವಾಗಿ ತಾಗುತ್ತಿದೆ ಎಂದು ನಿಮಗೇ ತಿಳಿಯುತ್ತದೆ ಎಂದುಕೊಳ್ಳಬೇಡಿ. ಸಹಜ ಹಲ್ಲಿನ ಬೇರಿನ ಸುತ್ತ ಒಂದು ತೆಳು ನಾರಿನ ಪದರ ಇರುತ್ತದೆ. ಕೂದಲೆಳೆ ಸಿಕ್ಕರೂ ಅದು ಸುದ್ದಿ ಕೊಡುತ್ತದೆ. ಇಂಪ್ಲಾಂಟ್ ನೇರ ಮೂಳೆಗೆ ಬೆಸೆದಿರುತ್ತದೆ, ಆ ಪದರ ಇಲ್ಲ. ಹಾಗಾಗಿ ವೈದ್ಯರು ಬಣ್ಣದ ಕಾಗದ ಕಚ್ಚಿಸಿ ಗುರುತು ನೋಡಿ ತಿದ್ದಬೇಕು. ಸೆಟ್ ಕೊಟ್ಟ ದಿನ ಒಮ್ಮೆ, ವಾರದ ಮೇಲೆ ಮತ್ತೊಮ್ಮೆ ಮಾಡಿಸಿಕೊಳ್ಳಿ. ಬೈಟ್ ತಪ್ಪಿದ್ದರೆ ಸೆಟ್ಟನ್ನು ಹಿಡಿಯುವ ನೈಲಾನ್ ಉಂಗುರಗಳೂ ಬೇಗ ಸವೆಯುತ್ತವೆ. ಪದೇ ಪದೇ ಉಂಗುರ ಬದಲಿಸಬೇಕಾಗಿ ಬಂದರೆ ಉಂಗುರವನ್ನು ದೂರಬೇಡಿ, ಬೈಟ್ ನೋಡಿಸಿ.

ಇನ್ನು ಇಂಪ್ಲಾಂಟ್ ಸಂಖ್ಯೆ. ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟಿನ ಸೆಟ್ಟೇ ಮೊದಲ ಆಯ್ಕೆಯಾಗಲಿ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು. ಬಹುಪಾಲು ಜನರಿಗೆ ಅಷ್ಟು ಸಾಕು. ವಸಡು ತೀರಾ ತೆಳುವಾಗಿದ್ದು, ಎಲ್ಲವನ್ನೂ ಸರಿಪಡಿಸಿದ ಮೇಲೂ ಒತ್ತಿದಾಗ ನೋವಾದರೆ ಆಗ ಇನ್ನೆರಡರ ಯೋಚನೆ ಮಾಡಬಹುದು. ಮೂಳೆ ಕರಗಿ ದವಡೆಯೊಳಗಿನ ನರ ಮೇಲಕ್ಕೆ, ವಸಡಿನ ಅಡಿಗೇ ಬಂದವರಿಗೆ ಅದರಿಂದ ನಿಜವಾಗಿಯೂ ಉಪಕಾರವಾಗುತ್ತದೆ.

ಹೊಸ ಸೆಟ್ ಬಂದ ಮೇಲೆ ಚಿಕ್ಕ ತುಂಡು ಮಾಡಿಕೊಂಡು, ಎರಡೂ ಕಡೆ ಹಂಚಿಕೊಂಡು ಅಗಿಯಿರಿ. ಇಷ್ಟು ವರ್ಷ ಮೆತ್ತಗಿನದನ್ನೇ ತಿಂದ ಸ್ನಾಯುಗಳಿಗೆ ಬಲ ಬರಲು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ಸುಧಾರಣೆ ಅಳೆಯಬೇಕೆಂದರೆ ವೈದ್ಯರಲ್ಲಿ ಕೇಳಿ: ಎರಡು ಬಣ್ಣದ ಚೂಯಿಂಗ್ ಗಮ್ಮನ್ನು 20 ಸಲ ಅಗಿಸಿ, ಬಣ್ಣ ಎಷ್ಟು ಬೆರೆತಿದೆ ಎಂದು ನೋಡುವ ಸುಲಭ ಪರೀಕ್ಷೆಯಿದೆ. ಹಳೆಯ ಸೆಟ್ಟಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಮಾಡಿಸಿ.

ಪ್ರಶ್ನೆ: ಇಂಪ್ಲಾಂಟ್ ಮೇಲಿನ ಸೆಟ್ಟಿಗೆ ಪಿಂಗಾಣಿ ಹಲ್ಲು ಹಾಕಿಸಿದರೆ ಚೆನ್ನಾಗಿ ಅಗಿಯಬಹುದೇ?

ಉತ್ತರ: ಪಿಂಗಾಣಿ ಬೇಗ ಸವೆಯುವುದಿಲ್ಲ, ನಿಜ. ಆದರೆ ಕಟಕಟ ಸದ್ದು ಮಾಡುತ್ತದೆ, ಚಕ್ಕೆ ಏಳುತ್ತದೆ, ಎದುರಿನ ಹಲ್ಲನ್ನು ಸವೆಸುತ್ತದೆ. ಸೆಟ್ಟಿನ ಅಕ್ರಿಲಿಕ್‌ಗೆ ಅದು ತಾನಾಗಿ ಬೆಸೆಯುವುದೂ ಇಲ್ಲ. ಇಂಪ್ಲಾಂಟಿನ ಭಾಗಗಳಿಗೆ ಒಳಗೆ ಜಾಗ ಬಿಡಬೇಕಾದ್ದರಿಂದ ಇಲ್ಲಿ ಇಕ್ಕಟ್ಟು ಬೇರೆ. ಗಟ್ಟಿ ಗುಣಮಟ್ಟದ ಅಕ್ರಿಲಿಕ್ ಹಲ್ಲು ಹಾಕಿಸಿ. ವರ್ಷಕ್ಕೊಮ್ಮೆ ಹೋದಾಗ ಮೊನೆ ಎಷ್ಟು ಉಳಿದಿದೆ ಎಂದೂ ನೋಡಲು ಹೇಳಿ.