ಗಂಡು ಸೊಳ್ಳೆಯ ಊಟ ಏನು?

ಪ್ರಶ್ನೆ: ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ ಅಂತ ಮಗಳ ಪಾಠದಲ್ಲಿದೆ. ಹಾಗಾದರೆ ಗಂಡು ಏನು ತಿಂದು ಬದುಕುತ್ತದೆ? ಬ್ಯಾಟ್ ಬೀಸುವಾಗ ಅದನ್ನು ಬಿಟ್ಟುಬಿಡಬಹುದಾ ಅಂತ ಅವಳು ಕೇಳುತ್ತಿದ್ದಾಳೆ.
– ಓದುಗರೊಬ್ಬರು, ಸಾಗರ

ಉತ್ತರ: ಪಾಠದಲ್ಲಿರುವುದು ಸರಿ. ಗಂಡಿಗೆ ಹೂವಿನ ಮಕರಂದ, ಗಿಡದ ರಸ, ಕೊಳೆತ ಹಣ್ಣಿನ ಸಿಹಿ ಇಷ್ಟೇ ಸಾಕು. ಆದರೆ ಹೆಣ್ಣೂ ಇದನ್ನೆಲ್ಲ ಕುಡಿಯುತ್ತದೆ. ಈ ಮಾತನ್ನು ಪಾಠಗಳಲ್ಲಿ ಬಿಟ್ಟೇಬಿಡುತ್ತಾರೆ. ಹೆಣ್ಣಿಗೂ ಹಾರಾಡುವ ಶಕ್ತಿ ಹೆಚ್ಚಾಗಿ ಸಿಗುವುದು ಸಕ್ಕರೆಯಿಂದಲೇ. ರಕ್ತ ಬೇಕಾಗುವುದು ಮೊಟ್ಟೆಗೆ, ಯಾಕೆಂದರೆ ಮಕರಂದದಲ್ಲಿ ಪ್ರೊಟೀನ್ ತೀರಾ ಕಡಿಮೆ. ಒಮ್ಮೆ ಹೊಟ್ಟೆ ತುಂಬಾ ಹೀರಿತೆಂದರೆ ಸುಮಾರು ತನ್ನ ತೂಕದಷ್ಟೇ ರಕ್ತ ಒಳಗೆ ಹೋಗಿರುತ್ತದೆ! ಕೆಲವೇ ದಿನಗಳಲ್ಲಿ ನೂರರ ಆಸುಪಾಸು ಮೊಟ್ಟೆ. ಮುಂದಿನ ಕಂತಿಗೆ ಮತ್ತೆ ರಕ್ತ, ಮತ್ತೊಬ್ಬರ ಮೈ. ಡೆಂಗಿ, ಮಲೇರಿಯಾ ಒಬ್ಬರಿಂದ ಒಬ್ಬರಿಗೆ ದಾಟುವುದೇ ಹೀಗೆ.

ಹೆಣ್ಣಿನ ಸೊಂಡಿಲೊಳಗೆ ಆರು ಸಪೂರ ಸೂಜಿಗಳಿವೆ. ಚರ್ಮ ಕೊಯ್ಯಲು, ಜೊಲ್ಲು ಬಿಡಲು, ಹೀರಲು ಬೇರೆ ಬೇರೆ. ಗಂಡಿಗೆ ಚರ್ಮ ಚುಚ್ಚುವಷ್ಟು ಸಲಕರಣೆಯೇ ಬೆಳೆದಿರುವುದಿಲ್ಲ, ಮನಸ್ಸಿದ್ದರೂ ಕಚ್ಚಲಾರದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವಾಗ ಸತ್ತ ಸೊಳ್ಳೆಗಳನ್ನು ಬಿಳಿ ಹಾಳೆಯ ಮೇಲಿಟ್ಟು ಮಕ್ಕಳ ಕೈಗೆ ಲೆನ್ಸ್ ಕೊಡುತ್ತಿದ್ದೆ. ಬಾಟಲಿ ತೊಳೆಯುವ ಬ್ರಷ್ಷಿನಂಥ ಪೊದೆ ಮೀಸೆ ಇದ್ದರೆ ಅದು ಗಂಡು. ಹೆಣ್ಣಿನ ರೆಕ್ಕೆಯ ಸದ್ದು ಹಿಡಿಯಲು ಆ ಮೀಸೆ. ನಿಮ್ಮ ಮಗಳಿಗೂ ತೋರಿಸಿ.

ರಕ್ತದ ಗೊಡವೆಗೇ ಹೋಗದ ಹೆಣ್ಣು ಸೊಳ್ಳೆಗಳೂ ಇವೆ ಗೊತ್ತಾ? ಟಾಕ್ಸೊರಿಂಕೈಟಿಸ್ ಅಂತ ಒಂದು ದೊಡ್ಡ ಜಾತಿ. ಅದರ ಮರಿ ಮರದ ಪೊಟರೆಯ ನೀರಿನಲ್ಲಿ ಬೇರೆ ಸೊಳ್ಳೆ ಮರಿಗಳನ್ನೇ ತಿಂದು ಬೆಳೆಯುತ್ತದೆ. ಪ್ರೊಟೀನ್ ಆಗಲೇ ಸಿಕ್ಕಿರುತ್ತದೆ, ದೊಡ್ಡದಾದ ಮೇಲೆ ಬರೀ ಮಕರಂದ.

ಇನ್ನು ಬ್ಯಾಟಿನ ವಿಷಯ. ಮೀಸೆ ನೋಡುತ್ತ ಕೂತರೆ ಅಷ್ಟರಲ್ಲಿ ಕಚ್ಚಿ ಆಗಿರುತ್ತದೆ, ಸುಮ್ನೆ ಬೀಸಿ. ಅದಕ್ಕಿಂತ ಜಾಸ್ತಿ ಉಪಯೋಗ ನೀರು ಚೆಲ್ಲುವುದರಲ್ಲಿದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಮುಂದೆ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ಡಾಕ್ಟರಾಗಿದ್ದಾಗ, ಬಂಗಲೆಯ ಹತ್ತಿರದ ತೊಟ್ಟಿ ನೀರಿನಲ್ಲಿ ಸೊಳ್ಳೆ ಹುಟ್ಟುವುದನ್ನು ಕಂಡು ಅದನ್ನೇ ಮಾಡಿದ್ದರು. ನಿಮ್ಮ ಕಡೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲೂ ಮಳೆ ನೀರು ನಿಲ್ಲುತ್ತದೆ, ಅಲ್ವಾ? ವಾರಕ್ಕೊಮ್ಮೆ ಅವನ್ನು ಕವುಚಿ ಹಾಕಿ. ಫ್ರಿಜ್ಜಿನ ಹಿಂದಿನ ಟ್ರೇಯನ್ನೂ ಒಮ್ಮೆ ಇಣುಕಿ ನೋಡಿ.