ಮರಗೆಲಸ ಪ್ರಶ್ನೋತ್ತರ: ಹಳೆಯ ಹತ್ತರಿಗೆ ಹೊಸ ಹಿಡಿ

ಪ್ರಶ್ನೆ: ನಮ್ಮಲ್ಲಿ ಅಜ್ಜನ ಕಾಲದ ಸ್ಟ್ಯಾನ್ಲಿ ಕಂಪನಿಯ 5ನೇ ನಂಬರಿನ ಕಬ್ಬಿಣದ ಹತ್ತರಿ (ಮರ ಹೆರೆಯುವ ಸಾಧನ) ಇದೆ. ಅದರ ಹಿಂಬದಿಯ ಹಿಡಿ ಮುರಿದಿದೆ. ಅಲಗನ್ನು ಅದುಮಿ ಹಿಡಿಯುವ ಕ್ಯಾಪಿನ ಸ್ಕ್ರೂ ಕಳೆದುಹೋಗಿದ್ದು, ಅಂಗಡಿಯಲ್ಲಿ ಸಿಗುವ ಯಾವುದೂ ಅಲ್ಲಿ ಕೂರುತ್ತಿಲ್ಲ. ಎರಡನ್ನೂ ಇಲ್ಲಿಯೇ ಮಾಡಿಸಬಹುದೇ?
(ಓದುಗರು, ತೀರ್ಥಹಳ್ಳಿ)

ಉತ್ತರ: ಮಾಡಿಸಬಹುದು. ಆ ಸ್ಕ್ರೂವಿನ ದಪ್ಪ 9/32 ಇಂಚು, ಅಂದರೆ ಸುಮಾರು 7.14 ಮಿ.ಮೀ.; ಇಂಚಿಗೆ 24 ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ). 7 ಮಿ.ಮೀ. ಸ್ಕ್ರೂ ಹಾಕಿದರೆ ಒಂದೆರಡು ಸುತ್ತು ಒಳಗೆ ಹೋಗಿ ಬಿಗಿದುಕೊಳ್ಳುತ್ತದೆ, ಬಲವಂತ ಮಾಡಿದರೆ ಎರಕದ ಕಬ್ಬಿಣದ ಥ್ರೆಡ್ ಕೆಡುತ್ತದೆ. ತೂತನ್ನು ದೊಡ್ಡದು ಮಾಡಿ 8 ಮಿ.ಮೀ. ಟ್ಯಾಪ್ ಹೊಡೆಯೋಣ (ಹೊಸ ಥ್ರೆಡ್ ಕೊರೆಯೋಣ) ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂಚಿನ ಲೆಕ್ಕದ ಥ್ರೆಡ್ ಕತ್ತರಿಸಬಲ್ಲ ಲೇತ್ ಇರುವ ಕಡೆ ಮೇಲಿನ ಅಳತೆಯನ್ನು ಬರೆದುಕೊಟ್ಟರೆ ಸಾಕು.

ಹಿಡಿಯ ಕೆಲಸ ನೀವೇ ಮಾಡುವಂಥದ್ದು. ಹಳೆಯ ಸ್ಟ್ಯಾನ್ಲಿ ಹಿಡಿಗಳು ಬ್ರೆಜಿಲ್ ದೇಶದ ಬೀಟೆಯವು. ನಿಮ್ಮ ಮಲೆನಾಡಿನಲ್ಲಿ ಮುರಿದ ಬೀಟೆ ಮಂಚದ ಕಾಲೊಂದು ಸಿಕ್ಕರೆ ಅದಕ್ಕಿಂತ ಒಳ್ಳೆಯ ಮರ ಬೇಕಿಲ್ಲ. ಮರದ ಎಳೆ ಹತ್ತರಿಯ ತಳಕ್ಕೆ ಸಮಾನಾಂತರವಾಗಿ ಓಡಬೇಕು, ಇಲ್ಲವಾದರೆ ಹಿಡಿಯ ಮೇಲ್ತುದಿಯ ಕೊಂಬು ಮೊದಲ ಪೆಟ್ಟಿಗೇ ಹಾರಿಹೋಗುತ್ತದೆ. ನಡುವಿನ ತೆಳುವಾದ ಭಾಗವನ್ನು ಒಳಗಿನ ಕಬ್ಬಿಣದ ಸರಳು ಬಿಗಿದು ಕಾಪಾಡುತ್ತದೆ. ಆ ಸರಳಿನ ಓರೆ ತೂತನ್ನು ತುಂಡು ಚೌಕವಾಗಿರುವಾಗಲೇ ಕೊರೆದುಕೊಂಡು, ಆಮೇಲೆ ಮುರಿದ ಹಿಡಿಯ ಚೂರುಗಳನ್ನು ಒಂದಕ್ಕೊಂದು ಅಂಟಿಸಿ, ಅದರ ಆಕಾರವನ್ನು ಹೊಸ ತುಂಡಿನ ಮೇಲೆ ಗೀಚಿ ಕತ್ತರಿಸಿ. ಮೊದಲು ಆಕಾರ ಕೊಟ್ಟು ನಂತರ ಕೊರೆಯಲು ಹೊರಟರೆ ತುಂಡನ್ನು ಬಿಗಿಯಾಗಿ ಹಿಡಿಯಲು ಒಂದು ಸಮತಟ್ಟಾದ ಬದಿಯೂ ಉಳಿದಿರುವುದಿಲ್ಲ. ಎಲ್ಲ ಮುಗಿದ ಮೇಲೂ ಹಿಡಿ ಅಲ್ಲಾಡಿದರೆ ಮರವನ್ನು ದೂರಬೇಡಿ: ಹಿತ್ತಾಳೆಯ ನಟ್ಟು ಸರಳಿನ ಥ್ರೆಡ್ ಮುಗಿಯುವಲ್ಲಿಗೆ ಬಂದು ನಿಂತಿರುತ್ತದೆ, ಅದರ ಕೆಳಗೆ ಒಂದು ತೆಳುವಾದ ವಾಷರ್ ಹಾಕಿದರೆ ಸರಿಹೋಗುತ್ತದೆ.

ಪ್ರಶ್ನೆ: ತುಕ್ಕು ತೆಗೆಯಲು ಬ್ಯಾಟರಿ ಚಾರ್ಜರ್ ಮತ್ತು ಸ್ಟೀಲ್ ಚಮಚ ಬಳಸಬಹುದೆಂದು ಕೇಳಿದ್ದೇನೆ. ಇದು ಸರಿಯೇ?
(ಓದುಗರು, ಹಾಸನ)

ಉತ್ತರ: ವಿಧಾನ ಸರಿ, ಚಮಚ ತಪ್ಪು. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ನೀರಿಗಿಳಿದು ವಿಷಕಾರಿ ರೂಪ ತಾಳುತ್ತದೆ, ಆ ನೀರನ್ನು ಎಲ್ಲಿಯೂ ಚೆಲ್ಲುವಂತಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ ಕರಗಿಸಿ, ಚಾರ್ಜರಿನ ಧನ ತುದಿಯನ್ನು ಸಾಧಾರಣ ಕಬ್ಬಿಣದ ತುಂಡಿಗೆ, ಋಣ ತುದಿಯನ್ನು ಹತ್ತರಿಗೆ ಸಿಕ್ಕಿಸಿ. ಎರಡೂ ಒಂದಕ್ಕೊಂದು ತಾಗಬಾರದು. ಜಲಜನಕ ಹೊರಡುವುದರಿಂದ ಕೆಲಸ ಬಯಲಿನಲ್ಲಿ ನಡೆಯಲಿ, ಬೀಡಿ ಸೇದುವವರು ದೂರವಿರಲಿ. ಹಿತ್ತಾಳೆಯ ಭಾಗಗಳನ್ನು ಮೊದಲೇ ಬಿಚ್ಚಿಡಿ. ಹೊರತೆಗೆದೊಡನೆ ಒರೆಸಿ, ಒಣಗಿಸಿ, ಎಣ್ಣೆ ಸವರದಿದ್ದರೆ ನಿಮಿಷಗಳಲ್ಲೇ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ. ಅಲಗಿನ ಸಪಾಟು ಬದಿಯಲ್ಲಿ, ಬಾಯಿಯ ಅಂಚಿಗೆ ಹತ್ತಿರ, ತುಕ್ಕು ಆಳವಾದ ಕುಳಿಗಳನ್ನು ಮಾಡಿದ್ದರೆ ಸಾಣೆ ಹಿಡಿದು ಪ್ರಯೋಜನವಿಲ್ಲ; ಹೊಸ ಅಲಗು ಕೊಳ್ಳುವುದೇ ಮೇಲು. ಬೇರೆಡೆಯ ಕುಳಿಗಳು ಕೆಲಸಕ್ಕೆ ಅಡ್ಡಿಯಾಗವು.