ಕಿಟ್ ಬೇಡ, ಒಳ್ಳೆ ಹಾಳೆ ತಗೊಳ್ಳಿ

ಪ್ರಶ್ನೆ: ಮಗಳಿಗೆ ಈಗ ನಾಲ್ಕು ವರ್ಷ. ನಾಮಕರಣ, ಮೊದಲ ಸಲ ಕೆಆರ್‌ಎಸ್‌ಗೆ ಹೋಗಿದ್ದು, ಹೋದ ದಸರಾದಲ್ಲಿ ಅವರಪ್ಪನ ಹೆಗಲ ಮೇಲೆ ಕೂತು ಜಂಬೂಸವಾರಿ ನೋಡಿದ್ದು, ಎಲ್ಲಾ ಫೋಟೋ ಫೋನಿನಲ್ಲೇ ಇವೆ. ಸ್ಕ್ರ್ಯಾಪ್‌ಬುಕ್ ಮಾಡುವ ಆಸೆ. ಆನ್‌ಲೈನ್‌ನಲ್ಲಿ 2,400 ರೂಪಾಯಿಗೆ ಸ್ಟಿಕರ್, ರಿಬ್ಬನ್, ಪಂಚ್ ಎಲ್ಲಾ ಸೇರಿ 140 ಐಟಂ ಇರುವ ಕಿಟ್ ನೋಡಿದೆ. ತಗೊಳ್ಳಲಾ? ಅತ್ತೆಯ ಮದುವೆಯ ಆರು ಕಪ್ಪು-ಬಿಳುಪು ಫೋಟೋಗಳೂ ಇವೆ. ಅವನ್ನೂ ಇದರಲ್ಲೇ ಅಂಟಿಸೋಣ ಅಂತಿದ್ದೇನೆ. ಮನೆಯಲ್ಲಿರುವ ಬಿಳಿ ಗಮ್ ಸಾಕಾ?
– ಓದುಗರು, ಮಂಡ್ಯ

ಉತ್ತರ: ಕಿಟ್ ತಗೋಬೇಡಿ. 140 ಐಟಂನಲ್ಲಿ 100 ಸುಮ್ನೆ ಡಬ್ಬಿಯಲ್ಲೇ ಉಳಿಯುತ್ತವೆ. ಮೇಲಾಗಿ ಅದರಲ್ಲಿರುವ ಹಾಳೆ ಎಂಥದ್ದು ಅಂತ ಹೆಚ್ಚಿನ ಕಿಟ್‌ಗಳಲ್ಲಿ ಬರೆದಿರುವುದೇ ಇಲ್ಲ. ನಿಮ್ಮ ಫೋಟೋಗೆ ದಿನವೂ ತಾಗಿಕೊಂಡಿರುವುದು ಹಾಳೆ ಮತ್ತು ಅಂಟು. ದುಡ್ಡು ಅಲ್ಲಿಗೆ ಹಾಕಿ, ಅಲಂಕಾರದಲ್ಲಿ ಜಿಪುಣತನ ಮಾಡಿ.

ನ್ಯೂಸ್ ಪೇಪರನ್ನು ಬಿಸಿಲಲ್ಲಿ ನಾಲ್ಕು ದಿನ ಬಿಟ್ಟರೆ ಹಳದಿಯಾಗುತ್ತೆ ಅಲ್ವಾ? ಮರದ ತಿರುಳಿನಲ್ಲಿರುವ ಲಿಗ್ನಿನ್ ಅದಕ್ಕೆ ಕಾರಣ. ಅಗ್ಗದ ಚಾರ್ಟ್ ಶೀಟ್‌ನಲ್ಲೂ ಅದು ಇರಬಹುದು, ಜೊತೆಗೆ ಆಮ್ಲದ ಅಂಶವೂ ಇರಬಹುದು. ವರ್ಷಗಟ್ಟಲೆ ತಾಗಿಕೊಂಡಿದ್ದರೆ ಫೋಟೋಗೂ ಕಲೆ ಬರುತ್ತೆ. ಹಾಗಾಗಿ ಅಂಗಡಿಯಲ್ಲಿ ‘ಆಸಿಡ್ ಫ್ರೀ’ ಅಂತ ಮುದ್ರಿಸಿರುವ ಹಾಳೆಯನ್ನೇ ಕೇಳಿ. ದಪ್ಪ 200ರಿಂದ 250 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಇರಲಿ. ಅದಕ್ಕಿಂತ ತೆಳ್ಳಗಿದ್ದರೆ ಎರಡು ಫೋಟೋ ಅಂಟಿಸಿದ ಮೇಲೆ ಹಾಳೆ ಬಾಗುತ್ತೆ. ಇಂಥ ಹಾಳೆ ಪುಸ್ತಕದಂಗಡಿಗಿಂತ ಚಿತ್ರಕಲೆಯ ಸಾಮಾನು ಮಾರುವ ಕಡೆ ಸಿಗೋದು ಜಾಸ್ತಿ. ಮಂಡ್ಯದಲ್ಲಿ ಸಿಗದಿದ್ದರೆ ಮೈಸೂರಿಗೆ ಬಂದಾಗ ನೋಡಿ.

ಅಳತೆ ಬಗ್ಗೆ ಒಂದು ಮಾತು. ಸ್ಕ್ರ್ಯಾಪ್‌ಬುಕ್ ಅಂದರೆ 12 ಇಂಚಿನ ಚೌಕ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ಅದು ಅಮೆರಿಕದ ರೂಢಿ. ನಮ್ಮಲ್ಲಿ ಆ ಅಳತೆಯ ಹಾಳೆಗೂ ಕವರಿಗೂ ಹುಡುಕಾಡಬೇಕು, ಮನೆಯ ಪ್ರಿಂಟರಿಗೂ ಅದು ಹೋಗಲ್ಲ. ಎ4 ಸಾಕು. ಸ್ಟುಡಿಯೋದವರು ಕೊಡುವ 4×6 ಫೋಟೋ ಎರಡನ್ನು ಅಡ್ಡಲಾಗಿ, ಒಂದರ ಕೆಳಗೆ ಒಂದು ಇಡಿ. ಇನ್ನೂ ಮೂರೂವರೆ ಇಂಚು ಜಾಗ ಉಳಿಯುತ್ತೆ. ಅಲ್ಲಿ ನಾಲ್ಕು ಸಾಲು ಬರೀಬಹುದು. ಹಾಳೆ ತೆಗೆದು ಹಾಕಲು ಬರುವ ರಿಂಗ್ ಫೈಲ್ ತಗೊಳ್ಳಿ. ಮೊದಲ ಪುಟ ಯಾರದ್ದೂ ಚೆನ್ನಾಗಿ ಬರಲ್ಲ, ತೆಗೆದುಬಿಡಬಹುದು. ಪ್ಲಾಸ್ಟಿಕ್ ಕವರ್ ಹಾಕುವುದಾದರೆ ಪಾಲಿಪ್ರೊಪಿಲೀನ್ ಇರಲಿ. ಘಾಟು ವಾಸನೆ ಬರುವ ಪಿವಿಸಿ ಕವರ್ ಬೇಡವೇ ಬೇಡ.

ಇನ್ನು ಗಮ್. ಬಿಳಿ ಗಮ್‌ನಲ್ಲಿ ನೀರಿದೆ. ಹಚ್ಚಿದ ತಕ್ಷಣ ಹಾಳೆ ಸುಕ್ಕಾಗುತ್ತೆ. ಸೆಲ್ಲೋ ಟೇಪ್ ಕೆಲವು ವರ್ಷಕ್ಕೆ ಹಳದಿಯಾಗಿ, ಅಂಟು ಮಾತ್ರ ಉಳಿದು ಟೇಪ್ ಉದುರಿ ಹೋಗುತ್ತೆ. ಆಸಿಡ್ ಫ್ರೀ ಗ್ಲೂ ಸ್ಟಿಕ್ ಅಥವಾ ಅದೇ ಗುಣದ ಡಬಲ್ ಸೈಡ್ ಟೇಪ್ ತಗೊಳ್ಳಿ. ನನ್ನನ್ನು ಕೇಳಿದರೆ ಇವೆರಡಕ್ಕಿಂತ ಒಳ್ಳೆಯದು ಫೋಟೋ ಕಾರ್ನರ್. ಅಜ್ಜಿ ಮನೆಯ ಕರಿ ಹಾಳೆಯ ಆಲ್ಬಂ ನೆನಪಿದೆಯಾ? ಪುಟಕ್ಕೊಂದು ಜೇಡರಬಲೆ ಚಿತ್ತಾರದ ತೆಳು ಹಾಳೆ, ಫೋಟೋದ ನಾಲ್ಕು ಮೂಲೆಗೆ ಪುಟ್ಟ ತ್ರಿಕೋನ. ಫೋಟೋಗೆ ಒಂದು ಹನಿ ಅಂಟೂ ಇಲ್ಲ. ಬೇಕೆಂದಾಗ ಎತ್ತಿ ಹಿಂದೆ ಬರೆದಿದ್ದನ್ನು ಓದಬಹುದಿತ್ತು.

ಇದನ್ನು ಮನೆಯಲ್ಲೇ ಮಾಡಿಕೊಳ್ಳಿ. ತೆಳ್ಳಗಿನ ಆಸಿಡ್ ಫ್ರೀ ಹಾಳೆಯಲ್ಲಿ ಒಂದು ಇಂಚು ಉದ್ದ, ಅರ್ಧ ಇಂಚು ಅಗಲದ ಪಟ್ಟಿ ಕತ್ತರಿಸಿ. ಮೇಲಂಚಿನ ನಡುವಿನಿಂದ ಎರಡೂ ಬದಿಯನ್ನು ಕೆಳಕ್ಕೆ ಮಡಚಿ. ತ್ರಿಕೋನ ಆಯ್ತು. ಅದರೊಳಗೆ ಫೋಟೋದ ಮೂಲೆ ತೂರಿಸಿ, ತ್ರಿಕೋನದ ಬೆನ್ನಿಗೆ ಮಾತ್ರ ಗ್ಲೂ ಸವರಿ ಪುಟಕ್ಕೆ ಒತ್ತಿ. ಮೊದಲ ನಾಲ್ಕು ಸೊಟ್ಟಗೆ ಬರುತ್ತವೆ. ಎಂಟನೆಯದರ ಹೊತ್ತಿಗೆ ಕೈ ಕೂರುತ್ತೆ.

ಅತ್ತೆಯವರ ಫೋಟೋ ಮಾತ್ರ ದಯವಿಟ್ಟು ಅಂಟಿಸಬೇಡಿ. ಸ್ಕ್ಯಾನ್ ಮಾಡಿಸಿ, ಪ್ರಿಂಟ್ ಹಾಕಿಸಿ, ಆ ಪ್ರಿಂಟ್ ಬಳಸಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ನಮ್ಮಮ್ಮನ ಫೋಟೋಗಳನ್ನು ಅಂಟು ಪುಟದ ಆಲ್ಬಂಗೆ ಹಾಕಿದ್ದೆ, ಮೇಲಿನ ಪ್ಲಾಸ್ಟಿಕ್ ಎತ್ತಿ ಒತ್ತುವಂಥದ್ದು. ಹತ್ತು ವರ್ಷದ ಮೇಲೆ ಒಂದನ್ನು ಎಳೆದೆ. ಅಮ್ಮನ ಬಲಗೈ ಪುಟದಲ್ಲೇ ಉಳೀತು. ಉಳಿದವನ್ನು ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನು ಫೋಟೋ ಅಡಿಗೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಎಳೆದು ಬಿಡಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಹಿಡೀತು.

ಪೆನ್ನು ಒಂದೇ ಸಾಕು: ಪಿಗ್ಮೆಂಟ್ ಇಂಕ್ (ಸುಲಭಕ್ಕೆ ಮಾಸದ, ನೀರಿಗೆ ಹರಡದ ಶಾಯಿ) ಇರುವ ಕಪ್ಪು ಪೆನ್, 0.5 ಮಿ.ಮೀ. ಮೊನೆಯದು. ಸ್ಕೆಚ್ ಪೆನ್ ಬಣ್ಣ ಮಾಸುತ್ತೆ, ನೀರು ಬಿದ್ದರೆ ಹರಡುತ್ತೆ. ಅನುಮಾನ ಇದ್ದರೆ ಬರೆದು ಒಣಗಿಸಿ, ಒದ್ದೆ ಬೆರಳಲ್ಲಿ ಉಜ್ಜಿ ನೋಡಿ. ಬರೆಯುವುದು ಪುಟದ ಮೇಲೆ. ಫೋಟೋ ಹಿಂದೆ ಬಾಲ್ ಪೆನ್ ಒತ್ತಿದರೆ ಮುಂದೆ ಗೀರು ಏಳುತ್ತೆ.

ಕತ್ತರಿ ಮನೆಯದೇ ಆಗುತ್ತೆ. ನೇರ ಅಂಚಿಗೆ ಕಟರ್, ಸ್ಟೀಲ್ ಸ್ಕೇಲ್. ಪ್ಲಾಸ್ಟಿಕ್ ಸ್ಕೇಲನ್ನು ಕಟರ್ ಕೆತ್ತಿಬಿಡುತ್ತೆ. ಪಂಚ್, ವಾಶಿ ಟೇಪ್ (ಚಿತ್ತಾರದ ಕಾಗದದ ಟೇಪ್) ಎಲ್ಲಾ ಹತ್ತು ಪುಟ ಆದ ಮೇಲೆ ನೋಡೋಣ. ಬಣ್ಣಕ್ಕೆ ಮದುವೆ ಕಾರ್ಡಿನ ಚಿನ್ನದಂಚು, ಹಳೇ ಸೀರೆಯ ತುಂಡು ಸಾಕು. ಫೋಟೋಗೆ ತಾಗದಷ್ಟು ದೂರ ಇಡಿ.

ಪ್ರಶ್ನೆ: ಮಗಳು ಮುಡಿದ ಮಲ್ಲಿಗೆ ಮತ್ತು ಬಸ್ ಟಿಕೆಟ್ ಎರಡನ್ನೂ ಪುಟದಲ್ಲಿ ಇಡಬೇಕು. ಹೇಗೆ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಮಲ್ಲಿಗೆ ಬೆಳ್ಳಗೆ ಉಳಿಯಲ್ಲ, ಕಂದಾಗುತ್ತೆ. ಅದಕ್ಕೆ ಒಪ್ಪಿಗೆ ಇದ್ದರೆ ಟಿಶ್ಯೂ ನಡುವೆ ಇಟ್ಟು ದಪ್ಪ ಪುಸ್ತಕದಡಿ ಎರಡು ಮೂರು ವಾರ ಬಿಡಿ. ಪೂರ್ತಿ ಒಣಗಿದ ಮೇಲೆ ಪುಟ್ಟ ಪಾಲಿಪ್ರೊಪಿಲೀನ್ ಕವರ್‌ಗೆ ಹಾಕಿ. ಹಸಿ ಇದ್ದರೆ ಬೂಸ್ಟು ಹಿಡಿಯುತ್ತೆ.

ಟಿಕೆಟ್‌ನ ವಿಷಯ ಅವಸರದ್ದು. ಮೆಷಿನ್ ಟಿಕೆಟ್ ಥರ್ಮಲ್ ಹಾಳೆಯದಾಗಿದ್ದರೆ, ಶಾಖಕ್ಕೆ ಮೂಡಿದ ಅಕ್ಷರ ತಾನಾಗೇ ಮಾಸುತ್ತೆ. ಅಕ್ಷರ ಕಾಣುತ್ತಿರುವಾಗಲೇ ಇವತ್ತೇ ಒಂದು ಜೆರಾಕ್ಸ್ ಮಾಡಿಸಿ, ಅದನ್ನು ಅಂಟಿಸಿ.